ಆರ್‌ಎನ್‌ಎ ಔಷಧ ಯಕೃತ್ತನ್ನೇಕೆ ದಾಟುತ್ತಿಲ್ಲ?

ಮಾನ್ಯ ಓದುಗರೇ,

ಆರ್‌ಎನ್‌ಎ ಔಷಧಗಳನ್ನು ನ್ಯಾನೊಕಣಗಳ ಮೂಲಕ ಜೀವಕೋಶಕ್ಕೆ ತಲುಪಿಸುವ ಸಂಶೋಧನೆಯ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ, ‘ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಯಲ್ಲಿ ಇಂಥ ಕಣಗಳನ್ನು ಕೋಟ್ಯಂತರ ಜನರಿಗೆ ಕೊಟ್ಟಾಗಿದೆ; ಬಯೊಮೆಡಿಕಲ್ ಎಂಜಿನಿಯರುಗಳು ಇನ್ನೂ ಹುಡುಕುತ್ತಿರುವುದು ಏನನ್ನು? ಪದೇ ಪದೇ ಕೊಟ್ಟರೆ ಅಪಾಯವಿಲ್ಲವೇ?’ ಎಂದು ತಾವು ಕೇಳಿದ್ದೀರಿ. ಮೊದಲ ಪ್ರಶ್ನೆ ಹುಟ್ಟಿರುವುದು ಲಸಿಕೆಯ ಯಶಸ್ಸಿನಿಂದಲೇ ಎಂದು ನಮಗನ್ನಿಸುತ್ತದೆ.

ಲಸಿಕೆಗೆ ನಿಖರವಾದ ವಿಳಾಸ ಬೇಕಾಗಿರಲಿಲ್ಲ. ತೋಳಿನ ಸ್ನಾಯುವಿನಲ್ಲೋ ಹತ್ತಿರದ ದುಗ್ಧಗ್ರಂಥಿಯಲ್ಲೋ ಒಂದಷ್ಟು ಕೋಶಗಳು ಎಂಆರ್‌ಎನ್‌ಎಯ ಸೂಚನೆಯಂತೆ ವೈರಸ್ಸಿನ ಪ್ರೋಟೀನನ್ನು ಸ್ವಲ್ಪವೇ ತಯಾರಿಸಿದರೂ ರೋಗನಿರೋಧಕ ವ್ಯವಸ್ಥೆ ಅದನ್ನು ಗುರುತಿಸಿ ತನ್ನ ಪ್ರತಿಕ್ರಿಯೆಯನ್ನು ಹಲವು ಪಟ್ಟು ಹೆಚ್ಚಿಸಿಕೊಳ್ಳುತ್ತದೆ. ಔಷಧಕ್ಕೆ ಈ ಅನುಕೂಲವಿಲ್ಲ. ದೋಷವಿರುವುದು ಶ್ವಾಸಕೋಶದಲ್ಲಾದರೆ ಆರ್‌ಎನ್‌ಎ ಅಲ್ಲಿಗೇ, ಸಾಕಷ್ಟು ಕೋಶಗಳಿಗೆ, ಅನೇಕ ವೇಳೆ ಮತ್ತೆ ಮತ್ತೆ ತಲುಪಬೇಕು.

ಬರಿಯ ಆರ್‌ಎನ್‌ಎಯನ್ನು ರಕ್ತದಲ್ಲಿನ ಕಿಣ್ವಗಳು ಬೇಗನೆ ತುಂಡರಿಸುತ್ತವೆ. ಋಣ ವಿದ್ಯುದಂಶವಿರುವುದರಿಂದ ಅದು ಕೋಶದ ಪೊರೆಯನ್ನು ತಾನಾಗಿ ದಾಟಲಾರದು. ಅದಕ್ಕಾಗಿಯೇ ಸುಮಾರು 100 ನ್ಯಾನೊಮೀಟರ್ ಗಾತ್ರದ ಕೊಬ್ಬಿನ ಕಣದ ಆಸರೆ. ಅದರಲ್ಲಿ ನಾಲ್ಕು ಬಗೆಯ ಲಿಪಿಡ್‌ಗಳು, ಅಂದರೆ ಕೊಬ್ಬಿನಂಥ ಅಣುಗಳು, ಇದ್ದರೂ ಕೌಶಲವೆಲ್ಲ ಅಡಗಿರುವುದು ಅಯಾನೀಕರಣಗೊಳ್ಳಬಲ್ಲ ಒಂದರಲ್ಲಿ. ರಕ್ತದ 7.4 ಪಿಎಚ್‌ನಲ್ಲಿ ಬಹುಮಟ್ಟಿಗೆ ತಟಸ್ಥವಾಗಿರುವ ಈ ಲಿಪಿಡ್, ಕೋಶವು ಕಣವನ್ನು ನುಂಗಿ ಎಂಡೊಸೋಮ್ ಎಂಬ ಚೀಲದೊಳಗೆ ಇಟ್ಟುಕೊಂಡಾಗ, ಅಲ್ಲಿನ ಆಮ್ಲೀಯತೆಯಿಂದ ಧನ ವಿದ್ಯುದಂಶ ಪಡೆದು ಚೀಲದ ಪೊರೆಯನ್ನು ಕದಡುತ್ತದೆ. ಆ ಸಂದಿನಿಂದ ಆರ್‌ಎನ್‌ಎ ಹೊರಬರಬೇಕು. ಬರುವುದೆಷ್ಟು? ನಿರ್ದಿಷ್ಟ ಪ್ರೋಟೀನಿನ ತಯಾರಿಕೆಯನ್ನು ತಡೆಯುವ ಎಸ್‌ಐಆರ್‌ಎನ್‌ಎ ಎಂಬ ಪುಟ್ಟ ಆರ್‌ಎನ್‌ಎಯ ಜಾಡು ಹಿಡಿದ 2013ರ ಅಧ್ಯಯನವೊಂದಕ್ಕೆ ಕಂಡದ್ದು ಶೇಕಡ 1ರಿಂದ 2 ಮಾತ್ರ. ಹೊಸ ಹೊಸ ಲಿಪಿಡ್‌ಗಳನ್ನು ತಯಾರಿಸಿ ಪರೀಕ್ಷಿಸುವ ಶ್ರಮದ ಬಹುಭಾಗ ಸಲ್ಲುತ್ತಿರುವುದು ಈ ಸಂಖ್ಯೆಯನ್ನು ಮೇಲೆತ್ತುವುದಕ್ಕೆ.

ಇನ್ನೊಂದು ತೊಡಕು ಯಕೃತ್ತು. ರಕ್ತಕ್ಕಿಳಿದ ಕಣದ ಮೈಗೆ ರಕ್ತದಲ್ಲಿ ಕೊಬ್ಬು ಸಾಗಿಸಲು ನೆರವಾಗುವ ಅಪೊಲಿಪೊಪ್ರೋಟೀನ್-ಇ ಎಂಬ ಪ್ರೋಟೀನು ಅಂಟಿಕೊಳ್ಳುವುದರಿಂದ, ಯಕೃತ್ತಿನ ಕೋಶಗಳು ಅದನ್ನು ಎಂದಿನ ಕೊಬ್ಬಿನ ಕಣದಂತೆಯೇ ಒಳಗೆಳೆದುಕೊಳ್ಳುತ್ತವೆ. 2018ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮೊದಲ ಎಸ್‌ಐಆರ್‌ಎನ್‌ಎ ಔಷಧ ಪಟಿಸಿರಾನ್ ಈ ಸ್ವಭಾವವನ್ನೇ ಬಳಸಿಕೊಂಡಿತು; ಅದು ತಗ್ಗಿಸಬೇಕಾದ ಟ್ರಾನ್ಸ್‌ಥೈರೆಟಿನ್ ಪ್ರೋಟೀನು ಬಹುಪಾಲು ತಯಾರಾಗುವುದು ಯಕೃತ್ತಿನಲ್ಲೇ. ಬೇರೆ ಅಂಗಗಳ ಮಾತು ಬೇರೆ. ಧನ ವಿದ್ಯುದಂಶದ ಐದನೆಯ ಲಿಪಿಡ್ ಬೆರೆಸಿದರೆ ಕಣಗಳು ಶ್ವಾಸಕೋಶದತ್ತ, ಋಣದ್ದಾದರೆ ಗುಲ್ಮದತ್ತ ಹೊರಳುತ್ತವೆಂದು 2020ರಲ್ಲಿ ಇಲಿಗಳಲ್ಲಿ ತೋರಿಸಲಾಗಿದೆ. ಮೆದುಳು ಇನ್ನೂ ದೂರವೇ ಇದೆ.

ತಮ್ಮ ಎರಡನೆಯ ಆತಂಕ ಆಧಾರವಿಲ್ಲದ್ದಲ್ಲ. ಕಣಗಳು ಒಂದಕ್ಕೊಂದು ಅಂಟದಂತೆ ಕಾಯುವ ಪಾಲಿಎಥಿಲೀನ್ ಗ್ಲೈಕಾಲ್‌ಗೆ ಕೆಲವರ ದೇಹ ಪ್ರತಿಕಾಯಗಳನ್ನು ಬೆಳೆಸಿಕೊಳ್ಳುತ್ತದೆ. ಆಗ ಮುಂದಿನ ಡೋಸ್ ರಕ್ತದಿಂದ ಬೇಗನೆ ಮರೆಯಾಗಬಹುದು. ಮೂರು ವಾರಕ್ಕೊಮ್ಮೆ ರಕ್ತನಾಳದ ಮೂಲಕ ಕೊಡುವ ಪಟಿಸಿರಾನ್‌ಗೆ ಮುನ್ನ ಪ್ರತಿ ಬಾರಿಯೂ ಸ್ಟೆರಾಯ್ಡ್ ಮತ್ತು ಅಲರ್ಜಿ ನಿವಾರಕಗಳನ್ನು ಕೊಡುವುದು ಔಷಧ ರಕ್ತಕ್ಕಿಳಿಯುವಾಗ ದೇಹ ತೋರಬಹುದಾದ ಪ್ರತಿಕ್ರಿಯೆಗಳನ್ನು ತಗ್ಗಿಸಲೆಂದೇ.

– ಸಂಪಾದಕ