ಹಾರ್ಡ್ ಡಿಸ್ಕ್ ಇಲ್ಲದ ಕಂಪ್ಯೂಟರ್‌ಗಳನ್ನು ನೆಟ್‌ವರ್ಕ್‌ನಿಂದಲೇ ನಡೆಸುವುದು ಹೇಗೆ?

ಲಿನಕ್ಸ್ ಆದರೆ ಇದು ಕಷ್ಟವಲ್ಲ. ಬಯೋಸ್‌ನಲ್ಲಿ (ಯಂತ್ರ ಆನ್ ಆದಾಗ ಮೊದಲು ಓಡುವ ತಂತ್ರಾಂಶ) ಪಿಎಕ್ಸ್‌ಇ ಬೂಟ್, ಅಂದರೆ ನೆಟ್‌ವರ್ಕ್‌ನಿಂದ ಶುರುವಾಗುವ ಸೌಲಭ್ಯ, ಆನ್ ಮಾಡಿ. ಡಿಎಚ್‌ಸಿಪಿ ಸರ್ವರ್ ಯಂತ್ರಕ್ಕೆ ಐಪಿ ವಿಳಾಸ ಕೊಡುವುದರ ಜೊತೆಗೆ ಆಪ್ಷನ್ 66ರಲ್ಲಿ ಬೂಟ್ ಸರ್ವರ್, 67ರಲ್ಲಿ ಬೂಟ್ ಫೈಲಿನ ಹೆಸರು ತಿಳಿಸುತ್ತದೆ. ಬೂಟ್‌ಲೋಡರ್ (ಕರ್ನಲನ್ನು ಶುರುಮಾಡುವ ಪ್ರೋಗ್ರಾಂ), ಕರ್ನಲ್ (ಲಿನಕ್ಸ್‌ನ ತಿರುಳು), ಇನಿಟ್‌ರಾಮ್‌ಎಫ್‌ಎಸ್ (ಶುರುವಿಗೆ ರಾಮ್‌ನಲ್ಲಿ ಬಿಚ್ಚಿಕೊಳ್ಳುವ ಪುಟ್ಟ ಫೈಲ್ ಸಿಸ್ಟಂ) ಮೂರೂ ಟಿಎಫ್‌ಟಿಪಿ ಎಂಬ ಸರಳ ಫೈಲ್ ವರ್ಗಾವಣೆ ವಿಧಾನದ ಮೂಲಕ ಇಳಿಯುತ್ತವೆ. ಅದಕ್ಕೆ ಫೈರ್‌ವಾಲ್‌ನಲ್ಲಿ ಯುಡಿಪಿ ಪೋರ್ಟ್ 69 ತೆರೆದಿರಲಿ. ಆಮೇಲೆ ರೂಟ್ ಫೈಲ್ ಸಿಸ್ಟಂ (ಲಿನಕ್ಸ್‌ನ ಎಲ್ಲ ಫೈಲುಗಳಿರುವ ಮುಖ್ಯ ಜಾಗ) ಎನ್‌ಎಫ್‌ಎಸ್‌ನಿಂದ, ಅಂದರೆ ಸರ್ವರ್‌ನ ಫೋಲ್ಡರನ್ನು ನೆಟ್‌ವರ್ಕ್‌ನಲ್ಲಿ ಹಂಚುವ ವಿಧಾನದಿಂದ, ಮೌಂಟ್ ಆಗುತ್ತದೆ.

ಹೆಚ್ಚಿನವರು ಎಡವುವುದು ಈ ಕೊನೆಯ ಹಂತದಲ್ಲಿ. ಇನಿಟ್‌ರಾಮ್‌ಎಫ್‌ಎಸ್ ಒಳಗೆ ಆ ಯಂತ್ರದ ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಇಲ್ಲದಿದ್ದರೆ, ಕರ್ನಲ್ ಚೆನ್ನಾಗಿಯೇ ಶುರುವಾಗಿ ರೂಟ್ ಸಿಗದೆ ನಿಂತುಬಿಡುತ್ತದೆ. ಪಿಎಕ್ಸ್‌ಇ ಕೆಲಸ ಮಾಡಿತಲ್ಲ ಎಂದು ನಂಬಬೇಡಿ, ಅದು ಬಳಸಿದ್ದು ಕಾರ್ಡಿನ ಫರ್ಮ್‌ವೇರ್ (ಕಾರ್ಡಿನೊಳಗೇ ಇರುವ ತಂತ್ರಾಂಶ), ಲಿನಕ್ಸ್ ಡ್ರೈವರ್ ಅಲ್ಲ. ಐಪಿಯೇ ಸಿಗದಿದ್ದರೆ ಸ್ವಿಚ್ ನೋಡಿ: ನೆಟ್‌ವರ್ಕ್‌ನಲ್ಲಿ ಸುತ್ತುಬಳಸು ಆಗದಂತೆ ತಡೆಯುವ ಸ್ಪ್ಯಾನಿಂಗ್ ಟ್ರೀ ಪೋರ್ಟನ್ನು 30 ಸೆಕೆಂಡ್ ತಡೆಹಿಡಿಯುವಷ್ಟರಲ್ಲಿ ಪಿಎಕ್ಸ್‌ಇ ಕಾದು ಕೈಬಿಟ್ಟಿರುತ್ತದೆ. ಆ ಕಾಯುವಿಕೆಯನ್ನು ತಪ್ಪಿಸುವ ಪೋರ್ಟ್‌ಫಾಸ್ಟ್ ಸೆಟ್ಟಿಂಗ್ ಹಾಕಿದರೆ ಸರಿಹೋಗುತ್ತದೆ. ಹಳೆಯ ಬಯೋಸ್‌ಗೂ ಅದರ ಜಾಗಕ್ಕೆ ಬಂದ ಯುಇಎಫ್‌ಐಗೂ ಬೂಟ್ ಫೈಲ್ ಬೇರೆಬೇರೆ. ಯಂತ್ರ ತಾನು ಯಾವ ಬಗೆಯದೆಂದು ತಿಳಿಸುವ ಡಿಎಚ್‌ಸಿಪಿ ಆಪ್ಷನ್ 93 ನೋಡಿ ಸರ್ವರ್ ಸರಿಯಾದದ್ದನ್ನು ಕೊಡಬೇಕು.

ಎಲ್ಲ ಯಂತ್ರಗಳಿಗೂ ಒಂದೇ ರೂಟ್ ಕೊಡುವುದಾದರೆ ಅದನ್ನು ಓದಲು ಮಾತ್ರ ಬಿಡಿ. ಬರೆಯುವುದಕ್ಕೆ ಓವರ್‌ಲೇಎಫ್‌ಎಸ್ (ಓದಲು ಮಾತ್ರ ಇರುವ ಫೈಲುಗಳ ಮೇಲೆ ಬರೆಯಬಲ್ಲ ಪದರ ಹಾಸುವ ವ್ಯವಸ್ಥೆ) ಮೂಲಕ ರಾಮ್‌ನಲ್ಲಿ ಜಾಗ ಮಾಡಿ, ಬಳಕೆದಾರರ ಹೋಮ್ ಫೋಲ್ಡರ್ ಬೇರೆ ಎನ್‌ಎಫ್‌ಎಸ್ ಶೇರ್‌ನಲ್ಲಿರಲಿ. ಸರ್ವರ್‌ನ ಡಿಸ್ಕನ್ನೇ ನೆಟ್‌ವರ್ಕ್ ಮೂಲಕ ಕೊಡುವ ಐಸ್ಕಸಿಯಲ್ಲಿ (iSCSI) ಒಂದೇ ಇಎಕ್ಸ್‌ಟಿ4 (ಲಿನಕ್ಸ್‌ನ ಸಾಮಾನ್ಯ ಫೈಲ್ ಸಿಸ್ಟಂ) ಡಿಸ್ಕನ್ನು ಎರಡು ಯಂತ್ರಗಳಿಗೆ ಬರೆಯಲು ಕೊಟ್ಟರಂತೂ ಫೈಲ್ ಸಿಸ್ಟಂ ಕೆಟ್ಟುಹೋಗುವುದು ಖಚಿತ. ರಾಮ್ ಸಾಲದಾದಾಗ ಬಳಸುವ ಸ್ವಾಪ್‌ಗೆ ಎನ್‌ಎಫ್‌ಎಸ್ ಬೇಡ, ರಾಮ್‌ನಲ್ಲೇ ಮಾಹಿತಿಯನ್ನು ಕುಗ್ಗಿಸಿ ಇಡುವ ಜಡ್‌ರಾಮ್ ಸಾಕು.

ಗಿಗಾಬಿಟ್ ಲಿಂಕಿನಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಬರುತ್ತದೆ. 20 ಯಂತ್ರ ಒಟ್ಟಿಗೆ ಆನ್ ಮಾಡಿದರೆ ತಲಾ 5 ಎಂಬಿ ಚಿಲ್ಲರೆ ಅಷ್ಟೇ, ಹಾಗಾಗಿ ಸರ್ವರ್‌ಗೆ 10 ಗಿಗಾಬಿಟ್ ಕಾರ್ಡ್ ಹಾಕಿ.