ಕೇಳಿ, ಹೇಳುತ್ತೇವೆ: ಮರಳಿಗಿಳಿದ ಲಿಫ್ಟರ್

ಪ್ರಶ್ನೆ: ನಾನು ಪಿಯುಸಿ ಓದುತ್ತಿದ್ದೇನೆ, ಕಾಲೇಜು ವಾಲಿಬಾಲ್ ಟೀಮಿನಲ್ಲಿ ಲಿಫ್ಟರ್, ಅಂದರೆ ಸ್ಮ್ಯಾಶ್‌ಗೆ ಚೆಂಡು ಎತ್ತಿಕೊಡುವವಳು. ಚಪ್ಪಾಳೆಯೆಲ್ಲ ಸ್ಮ್ಯಾಶ್ ಹೊಡೆಯುವವರಿಗೇ ಹೋಗುತ್ತದೆ. ಲಿಫ್ಟರ್ ಆಗಿದ್ದು ದೊಡ್ಡ ಹೆಸರು ಮಾಡಿದವರು ಯಾರಾದರೂ ಇದ್ದಾರಾ?
– ಓದುಗರೊಬ್ಬರು, ಉಡುಪಿ

ಉತ್ತರ: ಇದ್ದಾರೆ ಕಣಮ್ಮಾ. ಅಮೆರಿಕದ ಮಿಸ್ಟಿ ಮೇ-ಟ್ರೇನರ್. ಬೀಚ್ ವಾಲಿಬಾಲ್‌ನಲ್ಲಿ 2004ರ ಅಥೆನ್ಸ್, 2008ರ ಬೀಜಿಂಗ್, 2012ರ ಲಂಡನ್, ಮೂರೂ ಕಡೆ ಒಲಿಂಪಿಕ್ಸ್ ಚಿನ್ನ. ಜೊತೆಗಾತಿ ಕೆರಿ ವಾಲ್ಷ್. ಮೂರೂ ಒಲಿಂಪಿಕ್ಸ್ ಸೇರಿ ಇವರು ಆಡಿದ್ದು 21 ಪಂದ್ಯ, ಗೆದ್ದಿದ್ದೂ 21. ಬಿಟ್ಟುಕೊಟ್ಟಿದ್ದು ಒಂದೇ ಒಂದು ಸೆಟ್, ಅದೂ ಲಂಡನ್‌ನಲ್ಲಿ ಆಸ್ಟ್ರಿಯಾದ ಜೋಡಿಗೆ.

ಈ ಮೆಡಲ್‌ಗಳ ಸದ್ದಿನಲ್ಲಿ ಒಂದು ವಿಷಯ ಮುಚ್ಚಿಹೋಗಿದೆ. ಮಿಸ್ಟಿ ಬೆಳೆದಿದ್ದು ಆರು ಜನರ ಟೀಮಿನ ಲಿಫ್ಟರ್ ಆಗಿ. ಹುಟ್ಟಿದ್ದು 1977ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಅಪ್ಪ ಬುಚ್ ಮೇ 1968ರ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ವಾಲಿಬಾಲ್ ತಂಡದಲ್ಲಿದ್ದವರು, ಅಮ್ಮ ಟೆನಿಸ್ ಆಟಗಾರ್ತಿ. ಲಾಂಗ್ ಬೀಚ್ ಸ್ಟೇಟ್ ಕಾಲೇಜಿನ ಟೀಮು 1998ರಲ್ಲಿ ಆಡಿದ 36 ಪಂದ್ಯಗಳನ್ನೂ ಗೆದ್ದು ರಾಷ್ಟ್ರೀಯ ಚಾಂಪಿಯನ್ ಆಯಿತಲ್ಲ, ಆಗ ಚೆಂಡು ಎತ್ತಿಕೊಡುತ್ತಿದ್ದವರು ಇವರೇ. ಸೀಸನ್ ಪೂರ್ತಿ ಒಂದೂ ಸೋಲಿಲ್ಲದೆ ಆ ಮಟ್ಟದ ಕಾಲೇಜು ಕಪ್ ಗೆದ್ದ ಮೊದಲ ಮಹಿಳಾ ತಂಡ ಅದು.

ಪ್ರಶ್ನೆ: ಬೀಚ್‌ನಲ್ಲಿ ಇರುವುದೇ ಇಬ್ಬರು. ಅಲ್ಲಿ ಲಿಫ್ಟರ್‌ಗೆ ಏನು ಕೆಲಸ? ಸರ್ವೀಸ್‌ಗೆ ಮೊದಲು ಬೆನ್ನ ಹಿಂದೆ ಬೆರಳು ತೋರಿಸುತ್ತಾರಲ್ಲ, ಅದೇನು?
– ಓದುಗರೊಬ್ಬರು, ಹಾಸನ

ಉತ್ತರ: ಕೆಲಸ ಇನ್ನೂ ಜಾಸ್ತಿ ಸ್ವಾಮಿ! ಎದುರಾಳಿಯ ಸರ್ವೀಸ್ ತೆಗೆದವರೇ ಸಾಮಾನ್ಯವಾಗಿ ಕೊನೆಗೆ ಸ್ಮ್ಯಾಶ್ ಹೊಡೆಯಬೇಕು, ಮಧ್ಯದ ಲಿಫ್ಟ್ ಇನ್ನೊಬ್ಬರದು. ಅಂದರೆ ಇಬ್ಬರಿಗೂ ಎಲ್ಲ ಕೆಲಸವೂ ಬರಬೇಕು. ಅಂಕಣ ಒಂದೊಂದು ಕಡೆ 8 ಮೀಟರ್ ಉದ್ದ, 8 ಮೀಟರ್ ಅಗಲ, ಕಾಲ ಕೆಳಗೆ ಹೂತುಹೋಗುವ ಮರಳು, ಮೇಲೆ ಗಾಳಿ. ಬೆರಳ ತುದಿಯಿಂದ ಸುಮ್ನೆ ಚೆಂಡನ್ನು ಆಚೆ ತಳ್ಳುವ ಹಾಗಿಲ್ಲ. ಬ್ಲಾಕ್‌ನಲ್ಲಿ, ಅಂದರೆ ಎದುರಾಳಿಯ ಹೊಡೆತವನ್ನು ನೆಟ್ ಹತ್ತಿರವೇ ತಡೆಯುವಾಗ, ಕೈಗೆ ಚೆಂಡು ತಾಗಿದರೂ ಮೂರು ಟಚ್‌ಗಳಲ್ಲಿ ಒಂದು ಲೆಕ್ಕಕ್ಕೆ ಬರುತ್ತದೆ, ಉಳಿಯುವುದು ಎರಡೇ.

ಬೆರಳಿನ ಗುಟ್ಟು ಇಷ್ಟೇ: ನೆಟ್ ಹತ್ತಿರ ಬ್ಲಾಕ್‌ಗೆ ನಿಂತವರು ಒಂದು ಬೆರಳು ತೋರಿಸಿದರೆ ಪಕ್ಕದ ಗೆರೆಯ ಕಡೆ ಮುಚ್ಚುತ್ತೇನೆ ಅಂತ, ಎರಡು ಬೆರಳಾದರೆ ಅಡ್ಡ ಹೊಡೆತ ಮುಚ್ಚುತ್ತೇನೆ ಅಂತ. ಉಳಿದ ಜಾಗ ಹಿಂದಿನವರದು. ಆರಡಿ ಮೀರಿದ ಕೆರಿ ಮುಂದೆ ಗೋಡೆಯ ಹಾಗೆ ನಿಲ್ಲುತ್ತಿದ್ದರು, ಐದಡಿ ಒಂಬತ್ತು ಇಂಚಿನ ಮಿಸ್ಟಿ ಹಿಂದೆ ಇಡೀ ಮರಳು ಕಾಯುತ್ತಿದ್ದರು. (ಐದಡಿ ಒಂಬತ್ತು ಗಿಡ್ಡವಾ ಅಂತ ಕೇಳಬೇಡಿ, ಆ ಮಟ್ಟದಲ್ಲಿ ಹೌದು.) ಎದುರಾಳಿ ಕೈ ಎತ್ತುವಾಗಲೇ ಚೆಂಡು ಎಲ್ಲಿ ಬೀಳುತ್ತದೆ ಅಂತ ಅಂದಾಜು ಮಾಡಿ ಹೊರಡುತ್ತಿದ್ದರು. ವರ್ಷಗಟ್ಟಲೆ ಲಿಫ್ಟರ್ ಆಗಿ ಅಂಕಣ ಪೂರ್ತಿ ಕಣ್ಣಲ್ಲಿಟ್ಟುಕೊಂಡು ಆಡಿದವರಿಗೇ ಆ ಕಣ್ಣು ಬರುವುದು ಅನ್ನೋದು ನನ್ನ ಅನಿಸಿಕೆ.

ಪ್ರಶ್ನೆ: ಈಕೆ ಸೋತಿದ್ದೇ ಇಲ್ಲವಾ? ಈಗ ಎಲ್ಲಿದ್ದಾರೆ?
– ಓದುಗರೊಬ್ಬರು, ಮೈಸೂರು

ಉತ್ತರ: ಸೋತಿದ್ದಾರೆ. 2000ದ ಸಿಡ್ನಿಯಲ್ಲಿ ಹೋಲಿ ಮೆಕ್‌ಪೀಕ್ ಜೊತೆ ಆಡಿ ಐದನೇ ಸ್ಥಾನಕ್ಕೆ ನಿಂತರು. ಕೆರಿ ಜೊತೆ ಸತತ 112 ಪಂದ್ಯ ಗೆದ್ದ ಸರಣಿಯೂ ಬೀಜಿಂಗ್ ಚಿನ್ನ ಬಂದ ಕೆಲವೇ ದಿನಗಳಲ್ಲಿ ತಮ್ಮ ದೇಶದವರ ಕೈಯಲ್ಲೇ ಮುರಿಯಿತು. ಅದೇ ವರ್ಷ ಟೀವಿಯ ಡಾನ್ಸ್ ಶೋಗೆ ಹೋದರು, ಪ್ರ್ಯಾಕ್ಟೀಸ್ ಮಾಡುವಾಗ ಹಿಮ್ಮಡಿ ಮೇಲಿನ ಅಕಿಲಿಸ್ ಸ್ನಾಯುರಜ್ಜು ಹರಿದುಕೊಂಡರು. ಮರಳಲ್ಲಿ ಅಷ್ಟು ವರ್ಷ ಹಾರಿದವರಿಗೆ ಡಾನ್ಸ್‌ನಲ್ಲಿ ಹೀಗಾಗಬೇಕಾ!

ನನಗೆ ಮರೆಯದೇ ಉಳಿದಿರುವುದು ಅಥೆನ್ಸ್. ಮಿಸ್ಟಿಯ ಅಮ್ಮ 2002ರಲ್ಲಿ ಕ್ಯಾನ್ಸರ್‌ನಿಂದ ತೀರಿಹೋಗಿದ್ದರು. ಚಿನ್ನ ಗೆದ್ದ ಮೇಲೆ ಮಿಸ್ಟಿ ಅಮ್ಮನ ಚಿತಾಭಸ್ಮವನ್ನು ಅದೇ ಮರಳಿನ ಮೇಲೆ ಚೆಲ್ಲಿದರು.

ಲಂಡನ್ ಫೈನಲ್‌ನಲ್ಲಿ ಎದುರಿಗಿದ್ದವರೂ ಅಮೆರಿಕದವರೇ, ಜೆನಿಫರ್ ಕೆಸಿ ಮತ್ತು ಏಪ್ರಿಲ್ ರಾಸ್. 21-16, 21-16. ಅಲ್ಲಿಗೆ 35ರ ವಯಸ್ಸಿನಲ್ಲಿ ಮಿಸ್ಟಿ ಒಲಿಂಪಿಕ್ಸ್ ಮುಗಿಸಿದರು, ಆ ವರ್ಷವೇ ನಿವೃತ್ತಿ. ಆಮೇಲೆ ಲಾಂಗ್ ಬೀಚ್ ಸಿಟಿ ಕಾಲೇಜಿನಲ್ಲಿ ಕೋಚಿಂಗ್‌ಗೆ ಬಂದರು. ಕೆರಿ ಮಾತ್ರ ಆಟ ಬಿಡಲಿಲ್ಲ. 2016ರ ರಿಯೋಗೆ ಹೊಸ ಜೊತೆಗಾತಿಯನ್ನು ಕಟ್ಟಿಕೊಂಡು ಹೋಗಿ ಕಂಚು ಗೆದ್ದರು. ಆ ಜೊತೆಗಾತಿ ಯಾರು ಗೊತ್ತಾ? ಲಂಡನ್‌ನಲ್ಲಿ ನೆಟ್‌ನ ಆಚೆ ನಿಂತಿದ್ದ ಅದೇ ಏಪ್ರಿಲ್ ರಾಸ್.