ಉಸಿರು ಎಣಿಸುವ ಒಂದು ನಿಮಿಷ

(ಈ ಸಂಚಿಕೆಯ ಪ್ರಶ್ನೆಗಳಿಗೆ, ಕೋಲಾರ ಜಿಲ್ಲೆಯ ವಾರ್ಡುಗಳಲ್ಲಿ ಹಲವು ವರ್ಷ ದುಡಿದ ಹಿರಿಯ ಶುಶ್ರೂಷಕಿಯೊಬ್ಬರು ಉತ್ತರಿಸಿದ್ದಾರೆ.)

ಪ್ರಶ್ನೆ: ನಾನು ಕೋಲಾರದ ಆಸ್ಪತ್ರೆಯೊಂದರಲ್ಲಿ ಎರಡು ವರ್ಷದಿಂದ ಸ್ಟಾಫ್ ನರ್ಸ್. ನ್ಯುಮೋನಿಯಾದಿಂದ ದಾಖಲಾಗಿದ್ದ ಹಿರಿಯರೊಬ್ಬರು ರಾತ್ರಿ ಎರಡು ಗಂಟೆಗೆ ಹಾಸಿಗೆಯಿಂದ ಏಳಲು ಹವಣಿಸುತ್ತ, ತಾವು ಮನೆಯಲ್ಲಿದ್ದೇವೋ ಆಸ್ಪತ್ರೆಯಲ್ಲಿದ್ದೇವೋ ತಿಳಿಯದೆ ಮಾತನಾಡತೊಡಗಿದರು. ರಕ್ತದೊತ್ತಡ 112/70, ನಾಡಿ 116, ಆಕ್ಸಿಜನ್ ಹಾಕಿದ್ದಾಗ ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) 94, ಉಸಿರಾಟ ನಿಮಿಷಕ್ಕೆ 28 ಇತ್ತು. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ, 'ಪೇಷೆಂಟ್ ಸ್ವಲ್ಪ ಗಲಿಬಿಲಿ ಮಾಡುತ್ತಿದ್ದಾರೆ ಸರ್' ಎಂದೆ. ನಿದ್ದೆಗೆ ಮಾತ್ರೆ ಕೊಡಿ ಎಂದರು. ಬೆಳಗ್ಗೆ ಅವರನ್ನು ಐಸಿಯುಗೆ ಸಾಗಿಸಬೇಕಾಯಿತು. ತಪ್ಪು ನನ್ನದೇ?

ಉತ್ತರ: ನೋಡಬೇಕಾದುದನ್ನು ನೀವು ನೋಡಿದ್ದೀರಿ, ಎಣಿಸಿಯೂ ಇದ್ದೀರಿ. ಎಷ್ಟೋ ವಾರ್ಡುಗಳಲ್ಲಿ ಉಸಿರಾಟದ ಅಂಕಣದಲ್ಲಿ ಎಲ್ಲ ರೋಗಿಗಳಿಗೂ ಎಣಿಸದೆಯೇ 20 ಎಂದು ಬರೆದು ಮುಗಿಸುವುದನ್ನು ಕಂಡು ನೊಂದಿರುವ ನನಗೆ, ಆ 28 ಎಂಬ ಅಂಕಿಯೇ ನಿಮ್ಮ ಕೆಲಸದ ಬಗ್ಗೆ ಗೌರವ ಮೂಡಿಸಿತು. ಸೋಂಕಿಗೆ ದೇಹವೇ ಹದತಪ್ಪಿ ಪ್ರತಿಕ್ರಿಯಿಸಿ ತನ್ನ ಅಂಗಗಳಿಗೆ ಹಾನಿ ಮಾಡಿಕೊಳ್ಳುವ ಸ್ಥಿತಿ, ಅಂದರೆ ಸೆಪ್ಸಿಸ್, ಶುರುವಾಗಿ ದೇಹದಲ್ಲಿ ಆಮ್ಲದ ಅಂಶ ಹೆಚ್ಚತೊಡಗಿದಾಗ, ಅದನ್ನು ಹೊರಹಾಕಲು ಉಸಿರು ವೇಗ ಪಡೆಯುತ್ತದೆ. ರಕ್ತದೊತ್ತಡ ಕುಸಿಯುವುದು ಸಾಮಾನ್ಯವಾಗಿ ಆಮೇಲೆ. ಆಕ್ಸಿಜನ್ ಹಾಕಿದ್ದರಿಂದ 94 ಎಂಬ ಅಂಕಿ ನಮಗೆ ಇಲ್ಲದ ಧೈರ್ಯ ಕೊಡುತ್ತದೆ. ಇನ್ನು ಹಿಂದಿನ ಸಂಜೆಯವರೆಗೆ ಸರಿಯಾಗಿ ಮಾತನಾಡುತ್ತಿದ್ದ ಹಿರಿಯರು ಇದ್ದಕ್ಕಿದ್ದಂತೆ ಗೊಂದಲಕ್ಕೆ ಬಿದ್ದರೆ, ಅದನ್ನು ವಯಸ್ಸಿನ ಅರಳುಮರಳು ಎಂದು ತಳ್ಳಿಹಾಕಬಾರದು. ಮಿದುಳಿಗೆ ಏನೋ ಕೊರತೆಯಾಗಿದೆ ಎಂದೇ ಮೊದಲು ಎಣಿಸಬೇಕು.

ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ರೂಪಿಸಿ 2017ರಲ್ಲಿ ಪರಿಷ್ಕರಿಸಿದ ಮುನ್ನೆಚ್ಚರಿಕೆಯ ಅಂಕಪಟ್ಟಿಯೊಂದಿದೆ. ನಿಮ್ಮ ರೋಗಿಯನ್ನು ಅದರಲ್ಲಿ ಇಟ್ಟು ನೋಡಿದರೆ ಉಸಿರಾಟಕ್ಕೆ 3, ಹೊಸ ಗೊಂದಲಕ್ಕೆ 3, ಆಕ್ಸಿಜನ್ ಬೇಕಾಗಿರುವುದಕ್ಕೆ 2, ನಾಡಿಗೆ 2, ಸ್ಯಾಚುರೇಶನ್ನಿಗೆ 1, ಒಟ್ಟು 11 ಅಂಕ ಬರುತ್ತದೆ. ರಕ್ತದೊತ್ತಡಕ್ಕೆ ಒಂದು ಅಂಕವೂ ಬರುವುದಿಲ್ಲ ಎಂಬುದನ್ನು ಗಮನಿಸಿ. 7 ಅಥವಾ ಅದಕ್ಕಿಂತ ಹೆಚ್ಚಾದರೆ ತುರ್ತು ಎಂದು ಆ ಪಟ್ಟಿ ಹೇಳುತ್ತದೆ.

ಎಡವಿದ್ದು ಫೋನಿನಲ್ಲಿ. 'ಸ್ವಲ್ಪ ಗಲಿಬಿಲಿ' ಎಂದಾಗ, ನಿದ್ದೆಗಣ್ಣಿನಲ್ಲಿರುವ ವೈದ್ಯರ ಕಿವಿಗೆ ತಲುಪುವುದು 'ಸ್ವಲ್ಪ' ಎಂಬ ಪದವೊಂದೇ. 'ನ್ಯುಮೋನಿಯಾ ರೋಗಿ, ಎರಡು ಗಂಟೆಯಿಂದ ಹೊಸದಾಗಿ ಗೊಂದಲ, ಒಂದು ನಿಮಿಷ ಪೂರ್ತಿ ಎಣಿಸಿದಾಗ ಉಸಿರು 28, ನಾಡಿ 116, ಸೆಪ್ಸಿಸ್ ಇರಬಹುದೆಂದು ನನಗೆ ಅನುಮಾನ, ನೀವು ಈಗಲೇ ಬಂದು ನೋಡಬೇಕು' ಎಂದಿದ್ದರೆ ಅವರಿಗೆ ಮಾತ್ರೆಯ ಹೆಸರು ಹೇಳಿ ಫೋನ್ ಇಡುವುದು ಕಷ್ಟವಾಗುತ್ತಿತ್ತು. ಹಾಗೆಂದರೂ ಬಾರದಿದ್ದರೆ ಮೇಲಿನ ವೈದ್ಯರಿಗೆ ತಿಳಿಸಿ. ಕರೆ ಮಾಡಿದ ಸಮಯವನ್ನೂ ಬಂದ ಉತ್ತರವನ್ನೂ ಕೇಸ್ ಶೀಟಿನಲ್ಲಿ ಬರೆಯಿರಿ. ಇಂಥ ರೋಗಿಗೆ ನಿದ್ದೆ ಮಾತ್ರೆ ಕೊಡುವ ಮುನ್ನ ಮತ್ತೊಮ್ಮೆ ಪ್ರಶ್ನಿಸುವುದು ಅವಿಧೇಯತೆಯಲ್ಲ, ಶುಶ್ರೂಷೆಯ ಭಾಗವೇ ಆಗಿದೆ. ತಪ್ಪನ್ನೆಲ್ಲ ನಿಮ್ಮ ತಲೆಗೆ ಕಟ್ಟಿಕೊಳ್ಳಬೇಡಿ. ಆ ರಾತ್ರಿ ಬಂದು ನೋಡಬೇಕಾಗಿದ್ದವರು ಇನ್ನೊಬ್ಬರೂ ಇದ್ದರು.

ಪ್ರಶ್ನೆ: ನಮ್ಮ ತಂದೆ ಕೆ.ಜಿ.ಎಫ್. ಚಿನ್ನದ ಗಣಿಯಲ್ಲಿ 2001ರಲ್ಲಿ ಅದು ಮುಚ್ಚುವವರೆಗೂ ಕೆಲಸ ಮಾಡಿದವರು. ಶ್ವಾಸಕೋಶ ಹಾಳಾಗಿದೆ, ಮೈಯಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿಕೊಳ್ಳುತ್ತಿದೆ ಎಂದು ಡಾಕ್ಟರ್ ಹೇಳಿದ್ದಾರೆ. ಸ್ಯಾಚುರೇಶನ್ 97 ಇದ್ದಾಗ ನರ್ಸ್ ಬಂದು ಆಕ್ಸಿಜನ್ ತಗ್ಗಿಸಿದರು. ಇದು ಸರಿಯೇ?

ಉತ್ತರ: ಸರಿ. ಇಂಥ ಶ್ವಾಸಕೋಶಕ್ಕೆ ಗುರಿ ಸಾಮಾನ್ಯವಾಗಿ 88ರಿಂದ 92. ಅದಕ್ಕಿಂತ ಹೆಚ್ಚು ಆಕ್ಸಿಜನ್ ಕೊಟ್ಟರೆ ಕಾರ್ಬನ್ ಡೈಆಕ್ಸೈಡ್ ಇನ್ನಷ್ಟು ಶೇಖರವಾಗಿ ರೋಗಿ ಮಂಪರಿಗೆ ಜಾರಬಹುದು. ತಂದೆ ಹಗಲಿನಲ್ಲೂ ತೂಕಡಿಸುತ್ತಿದ್ದರೆ, ಎಬ್ಬಿಸಿದರೂ ಏಳದಿದ್ದರೆ ಕೂಡಲೇ ತಿಳಿಸಿ.

ಪ್ರಶ್ನೆ: ಕ್ಯಾನ್ಸರಿನಿಂದ ನರಳುತ್ತಿದ್ದ ನಮ್ಮ ತಾಯಿ ಬಂಗಾರಪೇಟೆ ಬಳಿಯ ಊರಿನವರು. ಕೊನೆಯ ದಿನ ಆಸ್ಪತ್ರೆಯಲ್ಲಿ ಅವರ ಬಾಯಿಗೆ ತುಳಸಿ ತೀರ್ಥ ಬಿಡಲು ಹೋದಾಗ ನರ್ಸ್ ತಡೆದರು. ಹನಿಯಷ್ಟನ್ನು ಹತ್ತಿಯಲ್ಲಿ ಅದ್ದಿ ತುಟಿಗೆ ಮಾತ್ರ ಸವರಲು ಬಿಟ್ಟರು. ಮಾರ್ಫಿನ್ ಕೊಟ್ಟ ಕೆಲವು ಗಂಟೆಗಳಲ್ಲಿ ತಾಯಿ ಹೋದರು. ಔಷಧಿಯೇ ಅವರನ್ನು ಕೊಂದಿತೇ ಎಂಬ ಯೋಚನೆ ಬಿಡುತ್ತಿಲ್ಲ.

ಉತ್ತರ: ತೀರ್ಥದ ಮಾತು ಮೊದಲು. ನುಂಗುವ ಶಕ್ತಿ ಹೋಗಿದ್ದಾಗ ಬಾಯಿಗೆ ಬಿಟ್ಟ ಚಮಚ ನೀರು ಶ್ವಾಸನಾಳಕ್ಕೆ ಇಳಿದು, ಕೊನೆಯ ಗಳಿಗೆ ಉಸಿರು ಕಟ್ಟುವ ಒದ್ದಾಟವಾಗಬಹುದು. ಆ ನರ್ಸ್ ನಿಮ್ಮ ಶ್ರದ್ಧೆಯನ್ನೂ ತಾಯಿಯ ಗಂಟಲನ್ನೂ ಒಟ್ಟಿಗೆ ಕಾಪಾಡಿದ್ದಾರೆ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಹಸಿವು ಬಾಯಾರಿಕೆ ಬತ್ತಿಹೋಗುವ ಆ ದಿನಗಳಲ್ಲಿ ತುಟಿ, ನಾಲಿಗೆ ಒದ್ದೆಯಾಗಿರುವುದೇ ನೆಮ್ಮದಿ. ಗಂಟಲಲ್ಲಿ ಗೊರಗೊರ ಸದ್ದು ಬಂದಾಗಲೂ ಪೈಪ್ ಹಾಕಿ ಮತ್ತೆ ಮತ್ತೆ ಕಫ ಎಳೆಯುವುದಕ್ಕಿಂತ ಮಗ್ಗುಲಿಗೆ ತಿರುಗಿಸಿ ಮಲಗಿಸುವುದೇ ಮೇಲು, ಏಕೆಂದರೆ ಆ ಸದ್ದು ರೋಗಿಗಿಂತ ಕೇಳುವ ನಮ್ಮನ್ನೇ ಹೆಚ್ಚು ನೋಯಿಸುತ್ತದೆ.

ಮಾರ್ಫಿನ್ನಿನ ಭಯ ನಮ್ಮ ಕಡೆ ಬಹಳ ಹಳೆಯದು, ವೈದ್ಯರಲ್ಲೂ ಇದೆ. ಮಾದಕ ವಸ್ತುಗಳ ಕಾನೂನಿನ ತೊಡಕುಗಳು ಸಡಿಲವಾದದ್ದೇ 2014ರ ತಿದ್ದುಪಡಿಯಿಂದ. ನೋವಿಗೂ ಉಸಿರುಗಟ್ಟುವ ಸಂಕಟಕ್ಕೂ ತಕ್ಕಂತೆ ಸಣ್ಣ ಪ್ರಮಾಣದಿಂದ ಆರಂಭಿಸಿ, ನೋಡಿಕೊಂಡು ಏರಿಸಿದಾಗ ಅದು ಸಾವನ್ನು ಹತ್ತಿರ ತರುವುದಿಲ್ಲ. ಪ್ರಮಾಣ ಮೀರಿದ್ದರೆ ಗಾಢ ಮಂಪರು ಕವಿಯುತ್ತದೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಉಸಿರು ನಿಧಾನವಾಗುತ್ತ ಹೋಗುತ್ತದೆ. ಕೆಲವು ಉಸಿರು ಜೋರಾಗಿ ಬಂದು, ನಡುವೆ ನಿಂತು, ಮತ್ತೆ ಶುರುವಾಗುವ ಬಗೆ ಸಾವಿನದೇ ನಡೆಯಾಗಿರುತ್ತದೆ, ಮಾರ್ಫಿನ್ ಮುಟ್ಟದವರಲ್ಲೂ ಅದನ್ನು ಕಂಡಿದ್ದೇನೆ.

ಆದರೂ ನನ್ನ ಮಾತನ್ನು ನಂಬಿ ಸುಮ್ಮನಾಗಬೇಕಿಲ್ಲ. ತಾಯಿಯ ದಾಖಲೆಗಳ ಪ್ರತಿ ಬೇಕೆಂದು ಆಸ್ಪತ್ರೆಗೆ ಅರ್ಜಿ ಕೊಡಿ. ಕೇಳಿದ 72 ಗಂಟೆಗಳೊಳಗೆ ಕೊಡಬೇಕೆಂಬುದು ವೈದ್ಯರ ವೃತ್ತಿನಿಯಮ. ಮಾರ್ಫಿನ್ ಕೊಟ್ಟ ಸಮಯ, ಪ್ರಮಾಣ, ಅದರ ಹಿಂದುಮುಂದಿನ ಗಂಟೆಗಳಲ್ಲಿ ಎಣಿಸಿ ಬರೆದ ಉಸಿರಾಟದ ಅಂಕಿಗಳು ಅಲ್ಲಿರುತ್ತವೆ. ಅದನ್ನು ಓದಬಲ್ಲ ನರ್ಸ್ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದು ಗಂಟೆಯನ್ನೂ ನಿಧಾನವಾಗಿ ನೋಡಿ.